ಖಾಲಿ ಸೀಟಿಗೆ ಹೂಂ

ಮಾರ್ಚ್ 4

ಮಗಳೇ,

ಹಿಂದೆ ಕೂತವರಿಗೆ ಅತಿ ಹೆಚ್ಚು ಕಷ್ಟ ಕೊಡುವ ಮೋಟಾರ್ ಸೈಕಲ್ ಯಾವುದು? ನಿನ್ನ ಅಂಗಡಿಯಲ್ಲಿ ವಿಚಾರಿಸಿ ಬರೆ. ಸೊಂಟ ಹಿಡಿದುಕೊಳ್ಳಬೇಕು, ಮಂಡಿ ಎದೆಗೆ ತಾಗಬೇಕು, ಸಣ್ಣ ಗುಂಡಿ ಬಂದರೂ ಹಲ್ಲಿಗೆ ಹಲ್ಲು ಬಡಿಯಬೇಕು. ಮುಂದೆ ಕೂತವರಿಗೆ ಮಾತ್ರ ಏನೂ ಆಗಬಾರದು, ಯಾಕೆಂದರೆ ಮುಂದೆ ಕೂರುವವಳು ನಾನು.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನಾನು ಮಾತಾಡುತ್ತಿದ್ದರೆ ನೀನು ಆ ಕಡೆ ಯಾರಿಗೋ ಬಿಲ್ಲು ಬರೆಯುತ್ತಾ 'ಹೂಂ, ಹೂಂ' ಅನ್ನುತ್ತೀಯ, ಥೇಟ್ ನಿನ್ನಪ್ಪನ ಹಾಗೆ. ಕಾಗದಕ್ಕೆ ಹೂಂ ಅನ್ನಲು ಬರುವುದಿಲ್ಲ. ಪೂರ್ತಿ ಓದಲೇಬೇಕು.

ವಿಷಯ ಇಷ್ಟು. ನಿನ್ನಪ್ಪನ ಎಡಗೈಯ ನರ ಹಿಡಿದುಕೊಂಡಿದೆ. ಕ್ಲಚ್ ಹಿಡಿದರೆ ಬಿಡಲು ಬರುವುದಿಲ್ಲ, ಬಿಟ್ಟರೆ ಹಿಡಿಯಲು ಬರುವುದಿಲ್ಲ. "ಇನ್ನು ಗಾಡಿ ಓಡಿಸೋ ಹಾಗಿಲ್ಲ" ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಇಷ್ಟು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿ ಊರಿನ ಅರ್ಧ ಜನಕ್ಕೆ "ಕನ್ನಡಿ ನೋಡಿ, ಕನ್ನಡಿ ನೋಡಿ" ಎಂದು ಬಡಿದುಕೊಂಡ ಮನುಷ್ಯ ಈಗ ಬೋರ್ಡಿನ ಮೇಲೆ ಸಿಗ್ನಲ್ ದೀಪದ ಚಿತ್ರ ಬರೆದು ಪಾಠ ಮಾಡುತ್ತಾರೆ. ವಾರಕ್ಕೆರಡು ಸಲ ಕೈಗೆ ವ್ಯಾಯಾಮ ಮಾಡಿಸಲು ಆಸ್ಪತ್ರೆಗೆ ಹೋಗಬೇಕು. ಅದು ಹೊರವಲಯದ ದೊಡ್ಡ ರಸ್ತೆಯಲ್ಲಿದೆ, ಆ ಪೆಟ್ರೋಲ್ ಬಂಕು ದಾಟಿ. ಬಸ್ಸಿನಲ್ಲಿ ಹೋಗಿ ಎಂದೆ. "ಬೇರೆಯವ್ರು ಬ್ರೇಕ್ ಹಾಕೋದನ್ನ ನೋಡ್ಕೊಂಡು ಸುಮ್ನೆ ಕೂರೋಕಾಗಲ್ಲ ನಂಗೆ" ಅಂದರು. ಹಾಗಾದರೆ ನಾನೇ ಗಾಡಿ ತೆಗೆದುಕೊಂಡು ಕರೆದೊಯ್ಯುತ್ತೇನೆ ಎಂದೆ. ನಕ್ಕರು. ನಗಲಿ.

ಕಲಿಯುತ್ತಿದ್ದೇನೆ. ಯಾರ ಹತ್ತಿರ ಗೊತ್ತೇ? ಎದುರು ಸಾಲಿನ ಡ್ರೈವಿಂಗ್ ಸ್ಕೂಲಿನ ಬ್ರೇಕಮ್ಮನ ಹತ್ತಿರ. ನಿನ್ನಪ್ಪನ ಗಿರಾಕಿಗಳನ್ನು ಎಳೆದುಕೊಳ್ಳುವವಳು ಎಂದು ನಮ್ಮ ಮನೆಯಲ್ಲಿ ಅವಳ ಹೆಸರೆತ್ತುವ ಹಾಗಿರಲಿಲ್ಲ. ಮೊದಲ ದಿನ ನಾನು ಅವಳ ಮೆಟ್ಟಿಲು ಹತ್ತುವಾಗ ನಿನ್ನಪ್ಪ ಈ ಕಡೆಯ ಕಿಟಕಿಯಲ್ಲಿ ಚಾಕ್‌ಪೀಸ್ ಹಿಡಿದು ನಿಂತಿದ್ದರು. ಆ ಮುಖ ನೋಡಿ ನನಗೆ ಹೊಟ್ಟೆ ತುಂಬಿತು, ಮಧ್ಯಾಹ್ನ ಊಟವೇ ಬೇಕಾಗಲಿಲ್ಲ.

ಸ್ಕೂಟರ್ ತಗೋ ಎಂದು ಬುದ್ಧಿ ಹೇಳಬೇಡ. ಗೇರಿನ ಗಾಡಿಯೇ ಬೇಕು.

ಇತಿ, ನಿನ್ನ ಅಮ್ಮ,
ಅಲಿಯಾಸ್ ಹತ್ತಿ ಮೂಟೆ


ಮಾರ್ಚ್ 15

ಅಮ್ಮಾ,

ನಿನ್ನ ಕಾಗದ ಓದಿ ಕೌಂಟರಿನಲ್ಲೇ ನಕ್ಕುಬಿಟ್ಟೆ. ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿದರು. ನೀನು ತಮಾಷೆಗೆ ಬರೆದದ್ದು ಅಂತ ಗೊತ್ತು, ಆದರೂ ಸರಿಯಾದ ಗಾಡಿ ಹುಡುಕುವುದು ತಮಾಷೆಯಲ್ಲ, ಆದ್ದರಿಂದ ಹೇಳುತ್ತೇನೆ ಕೇಳು.

ಗಾಡಿ ಕೊಳ್ಳಲು ಬಂದವರು ಮುಂದಿನ ಸೀಟಿನಲ್ಲಿ ಕೂತು, ಹ್ಯಾಂಡಲ್ ಹಿಡಿದು, ಕನ್ನಡಿಯಲ್ಲಿ ಮುಖ ನೋಡಿಕೊಂಡು, 'ಇದೇ ಇರಲಿ' ಅಂದುಬಿಡುತ್ತಾರೆ. ಹಿಂದೆ ಕೂರುವವರು ಪಕ್ಕದಲ್ಲಿ ಚೀಲ ಹಿಡಿದು ನಿಂತಿರುತ್ತಾರೆ. ಅವರನ್ನು ಒಂದು ಸಲ ಕೂರಿಸಿ ನೋಡಿ ಎಂದರೆ, "ಅವ್ರಿಗೇನು, ಎಲ್ಲಾದ್ರೂ ಕೂರ್ತಾರೆ" ಎಂಬ ಉತ್ತರ ಬರುತ್ತದೆ. ಅಲ್ಲೇ ತಪ್ಪುವುದು. ಹಿಂದಿನ ಸೀಟು ಮುಂದಿನದಕ್ಕೆ ಸಮನಾಗಿ, ಅಗಲವಾಗಿ, ಉದ್ದವಾಗಿ ಇರಬೇಕು. ಕೆಲವು ಗಾಡಿಗಳಲ್ಲಿ ಅದು ಮೇಲಕ್ಕೆದ್ದು ಮುಂದಕ್ಕೆ ಇಳಿಜಾರಾಗಿರುತ್ತದೆ, ಪ್ರತಿ ಬ್ರೇಕಿಗೂ ಹಿಂದಿನವರು ಜಾರಿ ಮುಂದಿನವರ ಬೆನ್ನಿಗೆ ಬಡಿಯುತ್ತಾರೆ. ಕಾಲಿಡುವ ಕಡ್ಡಿ ತೀರ ಮೇಲಿದ್ದರೆ ಮಂಡಿ ನೋವು ಗ್ಯಾರಂಟಿ. ಹಿಡಿದುಕೊಳ್ಳಲು ಎರಡೂ ಪಕ್ಕ ಹಿಡಿಕೆ ಬೇಕು, ಅಪ್ಪನಿಗೆ ಬಲಗೈ ಒಂದೇ ಗಟ್ಟಿ ಇರುವುದರಿಂದ ಬಲಗಡೆಯದು ದಪ್ಪಗಿರಲಿ. ಸೈಲೆನ್ಸರಿಗೆ ಕವಚ ಇಲ್ಲದ ಗಾಡಿಯನ್ನು ಮುಟ್ಟಲೂ ಬೇಡ. ನಿನ್ನ ಬಲಗಾಲಿನ ಸುಟ್ಟ ಕಲೆ ನನಗೆ ಚಿಕ್ಕವಳಿದ್ದಾಗಿನಿಂದ ಗೊತ್ತು. ಇನ್ನೊಂದು, ಹಿಂದಿನ ಸ್ಪ್ರಿಂಗನ್ನು ಇಬ್ಬರ ತೂಕಕ್ಕೆ ಬಿಗಿ ಮಾಡಿಸಬೇಕು. ಒಬ್ಬರಿಗೆಂದು ಇಟ್ಟಿದ್ದರೆ ಹಿಂದೆ ಕೂತವರು ಪ್ರತಿ ಗುಂಡಿಗೂ ಪಾತಾಳ ನೋಡಿ ಬರುತ್ತಾರೆ.

ಪೆಟ್ರೋಲ್ ಬಂಕಿನ ರಸ್ತೆ ಎಂದೆಯಲ್ಲ, ಅಪ್ಪ ನಿನ್ನನ್ನು ಬಿಟ್ಟುಹೋದ ಬಂಕೇ ತಾನೇ? ನಮ್ಮ ಅಂಗಡಿಯ ಹುಡುಗಿಯರಿಗೆ ಆ ಕಥೆ ಹೇಳಿದೆ, ಬಿದ್ದು ಬಿದ್ದು ನಕ್ಕರು. "ನಮ್ಮವಳು ಹತ್ತಿ ಮೂಟೆ ಕಣ್ರೀ, ಇದ್ರೂ ಅಷ್ಟೇ, ಇಳಿದ್ರೂ ಅಷ್ಟೇ, ಗಾಡಿಗೆ ಗೊತ್ತೇ ಆಗಲ್ಲ!" ಅಂತ ಅಪ್ಪನ ಧಾಟಿಯಲ್ಲೇ ಹೇಳಿದೆ. ನೀನೂ ಹಾಗೆ ಅಪ್ಪನನ್ನು ಬಿಟ್ಟುಹೋಗಬೇಡ ಮತ್ತೆ!

ನಿನ್ನ ಕತ್ತೆಮರಿ


ಮಾರ್ಚ್ 24

ಮಗಳೇ,

ಅಂಗಡಿಯ ಹುಡುಗಿಯರೂ ನಕ್ಕರೇ? ಒಳ್ಳೆಯದಾಯಿತು. ಇನ್ನು ಯಾರೂ ಬಾಕಿ ಇಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಈ ಮನೆಯ ಇಲಿ ಇವತ್ತು ಬಾಯಿ ಬಿಡುತ್ತದೆ, ಕೇಳು.

ಹನ್ನೊಂದು ವರ್ಷದ ಹಿಂದಿನ ಮಾತು. ನಮ್ಮ ಸೋಫಾ ಕಾರ್ಖಾನೆಯವರು ಬೇರೆ ಊರಿನಲ್ಲಿ ಹೊಸ ಘಟಕ ತೆರೆಯುತ್ತಿದ್ದರು. ಬಟ್ಟೆ ಕತ್ತರಿಸುವ ವಿಭಾಗ ಪೂರ್ತಿ ನೋಡಿಕೊಳ್ಳಲು ನನ್ನನ್ನು ಕರೆದರು. ಹೊಲಿಗೆ ಮೆಷಿನ್ನಿನ ಮುಂದೆ ಬಗ್ಗಿ ಕೂತು ಕತ್ತು ಗೂನಾದವಳಿಗೆ ಒಂದು ಮೇಜು, ಒಂದು ಕುರ್ಚಿ, ಕೈಕೆಳಗೆ ಜನ. ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು. ಮನೆಯಲ್ಲಿ ನಿನ್ನಪ್ಪನಿಗೆ ಪುರುಸೊತ್ತೆಲ್ಲಿ? ಗಾಡಿಯಲ್ಲಿ ಹೋಗುವಾಗ ಹಿಂದಿನಿಂದ ಎಲ್ಲವನ್ನೂ ಹೇಳಿದೆ. ಆ ಊರಿನಲ್ಲಿ ಡ್ರೈವಿಂಗ್ ಸ್ಕೂಲ್ ಒಂದೂ ಇಲ್ಲ, ನೀವು ಅಲ್ಲೇ ಶುರು ಮಾಡಬಹುದು, ಮಗಳಿಗೆ ಒಳ್ಳೆಯ ಶಾಲೆ ಇದೆ, ವಿಚಾರಿಸಿದ್ದೇನೆ. ಪ್ರತಿಯೊಂದಕ್ಕೂ 'ಹೂಂ' ಅಂದರು. ಕೊನೆಗೆ ಕೇಳಿದೆ, "ಹಂಗಾದ್ರೆ ಒಪ್ಕೊಳ್ಲಾ?" ಎಂದು.

"ಹೂಂ" ಅಂದರು.

ಆ ಹೂಂ ಕೇಳಿ ನನಗೆ ಎಷ್ಟು ಸಂತೋಷವಾಯಿತು ಎಂದರೆ ಅವರ ಬೆನ್ನಿಗೆ ಹಣೆ ಒತ್ತಿ ಅತ್ತುಬಿಟ್ಟೆ. ಬಂಕು ಬಂತು. "ಟ್ಯಾಂಕ್ ಮುಚ್ಚಳ ತೆಗೀಬೇಕು, ಇಳಿ" ಅಂದರು. ಇಳಿಸಿದವರೂ ಅವರೇ, ನೆನಪಿರಲಿ. ನಾನು ಗಾಳಿ ಹಾಕುವ ಯಂತ್ರದ ಪಕ್ಕ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದೆ. ಪೆಟ್ರೋಲ್ ಹಾಕಿಸಿದರು, ಕಿಕ್ ಹೊಡೆದರು, ಹೋದರು. ಕೂಗಿದೆ, ಓಡಿದೆ. ಗಾಡಿಗೆ ಎರಡು ಕನ್ನಡಿ ಇತ್ತು. ಒಂದು ಅವರ ಮೀಸೆಯ ಕಡೆ ತಿರುಗಿತ್ತು, ಇನ್ನೊಂದು ಆಕಾಶದ ಕಡೆ. ಹೇಳುವುದು ಶಾಸ್ತ್ರ, ಹಾಕುವುದು ಗಾಳ.

ನನ್ನ ಚೀಲ ಗಾಡಿಯಲ್ಲೇ ಇತ್ತು. ಬಂಕಿನ ಹೆಂಗಸು ಒಂದು ಸ್ಟೂಲ್ ಕೊಟ್ಟಳು. ಬಂದವರೆಲ್ಲ "ಏನಮ್ಮಾ, ಜಗಳಾನಾ?" ಎಂದು ಕೇಳಿದರು. ಬಿಸಿಲು ಇಳಿಯುವಾಗ ಬಂದರು ನಿನ್ನಪ್ಪ, ಹೊಟ್ಟೆ ಹಿಡಿದುಕೊಂಡು ನಗುತ್ತಾ. "ನೀನು ಮಾತಾಡ್ತಾನೇ ಇದ್ದೀಯ ಅಂದ್ಕೊಂಡೆ ಕಣೇ! ದಾರಿಯುದ್ದಕ್ಕೂ ಹೂಂ, ಹೂಂ ಅಂತಾನೇ ಇದ್ದೆ!" ಅಂದರು.

ಅರ್ಥವಾಯಿತೇ ಮಗಳೇ? ನನಗೆ ಕೊಟ್ಟ ಹೂಂ ಅನ್ನೇ ಖಾಲಿ ಸೀಟಿಗೂ ಕೊಟ್ಟಿದ್ದರು. ನಾನು ಇದ್ದಾಗಲೂ ಅದೇ, ಇಲ್ಲದಿದ್ದಾಗಲೂ ಅದೇ. "ನಾನು ಏನು ಹೇಳ್ತಿದ್ದೆ, ಹೇಳಿ ನೋಡೋಣ" ಎಂದೆ. "ಏನೋ ಮನೆ ವಿಷಯ... ಅಲ್ವಾ?" ಅಂದರು. ಸೋಮವಾರ ಕಾರ್ಖಾನೆಗೆ ಹೋಗಿ ಆಗುವುದಿಲ್ಲ ಎಂದುಬಿಟ್ಟೆ. ಖಾಲಿ ಸೀಟಿಗೂ ಸಿಗುವ ಹೂಂ ನಂಬಿ ಊರು ಬಿಡುವುದು ಹೇಗೆ? ನನ್ನ ಪಕ್ಕದ ಮೆಷಿನ್ನಿನವಳು ಹೋದಳು. ಅವಳಿಗೀಗ ಸ್ವಂತ ಕೋಣೆ, ಬಾಗಿಲಿಗೆ ಫಲಕ.

ಆ ಕೆಲಸದ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಅವರು ಇವತ್ತಿನವರೆಗೂ ಕೇಳಲಿಲ್ಲ. ಆದರೆ ಹತ್ತಿ ಮೂಟೆಯ ಕಥೆಯನ್ನು ಮನೆಗೆ ಬಂದ ಪ್ರತಿ ನೆಂಟರಿಗೂ ಹೇಳಿದರು. ನೀನು ಚಿಕ್ಕವಳಿದ್ದಾಗ "ಅಪ್ಪಾ, ಬಂಕಿನ ಕಥೆ ಹೇಳಪ್ಪಾ" ಎಂದು ತೊಡೆ ಹತ್ತುತ್ತಿದ್ದೆ. ನೀನೂ ನಕ್ಕವಳೇ.

ಉಪ್ಪು ತಿಂದವರು ನೀರು ಕುಡಿಯಲೇಬೇಕು. ಅವರನ್ನು ಅದೇ ಬಂಕಿನಲ್ಲಿ ಇಳಿಸುತ್ತೇನೆ. ಅಲ್ಲಿಯವರೆಗೂ ಸೊಂಟ ಮುರಿಯುವ ಸೀಟಿನ ಮೇಲೆ ಕೂರಿಸಿ ಕರೆದೊಯ್ಯುತ್ತೇನೆ. ಯಾವ ಗಾಡಿ ಎಂದು ಮಾತ್ರ ಬರೆ. ಉಪದೇಶ ಬೇಡ.

ಅಮ್ಮ


ಮೇ 2

ಅಮ್ಮಾ,

ಇಷ್ಟು ದಿನ ಬರೆಯಲಿಲ್ಲ. ನಾಲ್ಕು ಸಲ ಶುರು ಮಾಡಿ ಹರಿದೆ. 'ನನಗೆ ಗೊತ್ತಿರಲಿಲ್ಲ' ಎಂದು ಬರೆದರೆ, 'ಕೇಳಿದ್ದೆಯಾ?' ಎಂದು ನೀನು ಕೇಳುತ್ತೀಯ. ಕೇಳಿರಲಿಲ್ಲ. ಆ ಹುಡುಗಿಯರಿಗೆ ಉಳಿದ ಅರ್ಧ ಕಥೆಯನ್ನೂ ಹೇಳಿದೆ. ಯಾರೂ ನಗಲಿಲ್ಲ. ಒಬ್ಬಳು ಎದ್ದುಹೋಗಿ ಮುಖ ತೊಳೆದುಕೊಂಡು ಬಂದಳು.

ಈಗ ಕೆಲಸದ ಮಾತು. ಕೆಟ್ಟ ಸೀಟು ಬೇಡ. ಉಪದೇಶವಲ್ಲ, ಲೆಕ್ಕಾಚಾರ. ಅಪ್ಪನನ್ನು ಇಳಿಜಾರು ಸೀಟಿನ ಮೇಲೆ ಕೂರಿಸಿದರೆ ಮೊದಲ ತಿರುವಿನಲ್ಲೇ "ಅಯ್ಯೋ ನನ್ನ ಸೊಂಟ" ಎಂದು ಇಳಿದು ಬಸ್ಸು ಹತ್ತುತ್ತಾರೆ. ಆಮೇಲೆ ಮಂಚದ ಮೇಲೆ ಮಲಗಿ ನರಳುತ್ತಾರೆ, ಬಿಸಿನೀರಿನ ಚೀಲ ಇಡುವವಳು ನೀನೇ. ಸೊಂಟ ನೋವಿದ್ದವನಿಗೆ ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. ನಿನ್ನ ಸೇಡು ಅಲ್ಲಿಗೆ ಮುಗಿಯಿತು.

ಒಳ್ಳೆಯ ಸೀಟು ಕೊಡು. ಊರಿನಲ್ಲೇ ಒಳ್ಳೆಯದು ಕೊಡು. ಹಾಯಾಗಿ ಕೂರಲಿ, ರೂಢಿಯಾಗಲಿ, ಇದು ನನ್ನ ಜಾಗ ಅಂದುಕೊಳ್ಳಲಿ. ಆಮೇಲೆ ಇಳಿಸು.

ನಮ್ಮಲ್ಲಿ ಬೂದು ಬಣ್ಣದ್ದೊಂದು ಇದೆ, ನಿಮ್ಮೂರಿನ ಶಾಖೆಯಲ್ಲೂ ಸಿಗುತ್ತದೆ. ನೋಡಲು ಎಮ್ಮೆಯ ಹಾಗೆ, ಯಾವ ಹುಡುಗನೂ ತಿರುಗಿ ನೋಡುವುದಿಲ್ಲ. ಆದರೆ ಸೀಟು ಹಲಗೆಯ ಹಾಗೆ ಉದ್ದ, ಸಮ. ಕಾಲುಕಡ್ಡಿ ತಗ್ಗಿನಲ್ಲಿದೆ. ಸೈಲೆನ್ಸರ್ ತಗ್ಗಿನಲ್ಲಿದೆ, ಕವಚವಿದೆ. ಮೆಲ್ಲಗೆ ಹೋದರೂ ಜಗ್ಗುವುದಿಲ್ಲ, ಇಬ್ಬರನ್ನು ಹೊತ್ತು ಏರು ಹತ್ತುವಾಗ ಏದುಸಿರು ಬಿಡುವುದಿಲ್ಲ. ನಿನ್ನ ಕಾಲು ಎರಡೂ ನೆಲಕ್ಕೆ ಪೂರ್ತಿ ಊರುತ್ತವೆ, ಹಿಂದೆ ಒಬ್ಬರಿದ್ದಾಗ ಅದು ಬಹಳ ಮುಖ್ಯ. ಕೊಳ್ಳುವ ಮುಂಚೆ ಅಪ್ಪನನ್ನು ಕರೆದೊಯ್ದು ಎಲ್ಲ ಗಾಡಿಗಳ ಹಿಂದೆಯೂ ಕೂರಿಸಿ ನೋಡು. ಅವರೇ ಆರಿಸಿದ ಹಾಗೆ ಆಗಲಿ.

ಕತ್ತೆಮರಿ


ಮೇ 20

ಮುದ್ದು ಮಗಳಿಗೆ,

ನಿನ್ನಪ್ಪ ಕಾಗದ ಬರೆಯುವುದು ಕಂಡು ಗಾಬರಿಯಾಗಬೇಡ, ಬಲಗೈ ಚೆನ್ನಾಗಿದೆ. ನಿನ್ನಮ್ಮ ನಿನಗೆ ಪುಟಗಟ್ಟಲೆ ಬರೆಯುತ್ತಾಳಲ್ಲ, ನಾನೂ ಒಂದು ಕೈ ನೋಡೋಣ ಅಂತ.

ನಿನ್ನಮ್ಮ ಆ ಬ್ರೇಕಮ್ಮನ ಶಿಷ್ಯೆಯಾಗಿ ಲೈಸೆನ್ಸ್ ತಂದಳು. ಶತ್ರು ಪಾಳೆಯದಿಂದ! ನನ್ನ ಶಿಷ್ಯರು ನನ್ನೆದುರಿಗೇ "ಮೇಷ್ಟ್ರ ಮನೆಯವ್ರು ಟೆಸ್ಟಲ್ಲಿ ಎಂಟು ಎಷ್ಟು ಚೆನ್ನಾಗಿ ಹಾಕಿದ್ರು ಗೊತ್ತಾ" ಅಂತ ಮಾತಾಡಿಕೊಳ್ಳುತ್ತಾರೆ. ಹೋಗಲಿ ಬಿಡು.

ಮೊನ್ನೆ ಗಾಡಿ ಅಂಗಡಿಗೆ ಹೋಗಿದ್ದೆವು. ಮಾರುವ ಹುಡುಗ ನನ್ನ ಮುಖ ನೋಡಿಕೊಂಡು ಇಂಜಿನ್ನು, ಮೈಲೇಜು ಅಂತ ಶುರು ಮಾಡಿದ. ನಿನ್ನಮ್ಮ, "ಓಡ್ಸೋಳು ನಾನಪ್ಪಾ. ಅವರು ಸಾಮಾನು. ಸಾಮಾನು ಎಲ್ಲಿ ಚೆನ್ನಾಗಿ ಕೂರುತ್ತೆ ಹೇಳು" ಎಂದಳು. ಅಂಗಡಿಯೆಲ್ಲ ನಕ್ಕಿತು. ಆಮೇಲೆ ನನ್ನನ್ನು ಒಂದೊಂದೇ ಗಾಡಿಯ ಹಿಂದೆ ಹತ್ತಿಸಿದಳು. "ಮಂಡಿ ಹೇಗಿದೆ? ಜಾರ್ತಿದೀರಾ? ಹಿಡಿಕೆ ಸಿಗ್ತಿದೆಯಾ?" ಹೊಲಿಗೆ ಟೇಪು ತೆಗೆದು ಸೀಟು ಅಳೆದಳು, ಹೆಬ್ಬೆರಳಿನಿಂದ ಫೋಮು ಒತ್ತಿ ನೋಡಿದಳು. ಕೆಂಪು ಬಣ್ಣದ್ದೊಂದು ನನಗೆ ಬಹಳ ಹಿಡಿಸಿತ್ತು. ಹಿಂದೆ ಕೂತರೆ ಮರದ ಕೊಂಬೆಯ ಮೇಲಿನ ಕೋತಿಯ ಹಾಗಾಯಿತು. ಕೊನೆಗೆ ಒಂದು ಬೂದು ಎಮ್ಮೆ ತೋರಿಸಿದರು. ನೋಡಲು ಲಕ್ಷಣವಿಲ್ಲ, ಆದರೆ ಕೂತೆ ನೋಡು, ಮನೆಯ ಆರಾಮಕುರ್ಚಿ! "ಇದೇ ಇರಲಿ" ಎಂದೆ. ನಿನ್ನಮ್ಮನ ಮುಖ ಅರಳಿತು.

ಮಗಳೇ, ನಿಜ ಹೇಳುತ್ತೇನೆ. ನಾನು ಎಷ್ಟೋ ಗಾಡಿ ಕೊಂಡೆ. ಒಂದಕ್ಕೂ ಅವಳನ್ನು ಹೀಗೆ ಕೂರಿಸಿ ನೋಡಲಿಲ್ಲ. ನನ್ನ ಮೇಲೆ ಇಷ್ಟು ಪ್ರೀತಿ ಇಟ್ಟುಕೊಂಡಿದ್ದಾಳೆ ಅಂತ ಗೊತ್ತೇ ಇರಲಿಲ್ಲ. ಅಂಗಡಿಯ ಹುಡುಗನಿಗೆ ಬಂಕಿನ ಕಥೆ ಹೇಳಿ, "ಈಗ ನಾನೇ ಹತ್ತಿ ಮೂಟೆ ಕಣಯ್ಯಾ" ಎಂದೆ. ಎಲ್ಲರಿಗಿಂತ ಜೋರಾಗಿ ನಿನ್ನಮ್ಮ ನಕ್ಕಳು.

ನಿನ್ನ ಪ್ರೀತಿಯ ಅಪ್ಪ


ಜೂನ್ 11

ಮಗಳೇ,

ಗಾಡಿ ಬಂತು. ಹಿಂದಿನ ಸೀಟನ್ನು ಬಿಚ್ಚಿ ಕಾರ್ಖಾನೆಗೆ ಒಯ್ದು ನಾನೇ ಮತ್ತೆ ಕಟ್ಟಿದೆ. ಕೆಳಗೆ ಗಟ್ಟಿ ಫೋಮು, ಮೇಲೆ ಮೆತ್ತನೆಯದು, ಅಂಚಿಗೆ ಜೋಡಿ ಹೊಲಿಗೆ. ನನ್ನ ಕೈಯಿಂದ ಇಷ್ಟು ಚೆನ್ನಾದ ಸೀಟು ಬೇರೆ ಬಂದಿಲ್ಲ. ಬೇರೆ ಮೆಷಿನ್ನಿನವರು, "ಯಾರಿಗಕ್ಕಾ ಇಷ್ಟು ಅಕ್ಕರೆ?" ಎಂದು ಕೇಳಿದರು. "ವೈರಿಗೆ" ಎಂದೆ. ಅದಕ್ಕೂ ನಕ್ಕರು.

ವಾರಕ್ಕೆರಡು ಸಲ ಹೋಗಿಬರುತ್ತಿದ್ದೇವೆ. ಮೊದಮೊದಲು "ಗೇರ್ ಇಳ್ಸು, ಹಾರ್ನ್ ಹೊಡಿ, ಎಡಕ್ಕೆ ಸರಿ" ಎಂದು ಒಂದೇ ಸಮನೆ ಕಿವಿ ತಿಂದರು. ಈಗ ಸುಮ್ಮನಾಗಿದ್ದಾರೆ. ದಾರಿಯ ಎರಡೂ ಕಡೆ ನೋಡುತ್ತಾರೆ. "ಇಲ್ಲೊಂದು ಹೂವಿನ ನರ್ಸರಿ ಇದೆ ಕಣೇ, ನೋಡೇ ಇರಲಿಲ್ಲ" ಅಂದರು ಒಂದು ದಿನ. ನಾನು ಅದನ್ನು ಆ ಹಳೆಯ ಗಾಡಿಯ ಹಿಂದೆ ಕೂತು ಎಷ್ಟು ವರ್ಷ ತೋರಿಸಿದ್ದೇನೆ! ಅದಕ್ಕೂ ಹೂಂ ಅಂದಿದ್ದವರೇ. ಇನ್ನೊಂದು ದಿನ ಆಸ್ಪತ್ರೆಯಿಂದ ಬರುವಾಗ ಆ ಎಡಗೈ, ಬೆರಳು ಮಡಚಲು ಬಾರದ್ದು, ನನ್ನ ಭುಜದ ಮೇಲೆ ಬಂದು ಕೂತಿತು. ಅದು ಮನೆಯವರೆಗೂ ಅಲ್ಲೇ ಇತ್ತು.

ಮನಸ್ಸು ಕರಗಿತು ಅಂದುಕೊಂಡೆಯಾ? ಕರಗಿತ್ತು. ಸುಳ್ಳು ಹೇಳುವುದಿಲ್ಲ. ಬಂಕಿನ ಮುಂದೆ ನಿಲ್ಲಿಸದೆ ಮೂರು ಸಲ ಹಾದುಹೋದೆ.

ಭಾನುವಾರ ನಿನ್ನ ದೊಡ್ಡಮ್ಮನ ಮನೆಯವರೆಲ್ಲ ಬಂದಿದ್ದರು. ಊಟದ ತಟ್ಟೆ ಹಿಡಿದು ನಿಂತೇ ಶುರು ಮಾಡಿದರು ನಿನ್ನಪ್ಪ. ಅದೇ ಬಂಕು, ಅದೇ ಮೂಟೆ. ಈ ಸಲ ನನ್ನ ಹಾಗೆ ನಟಿಸಿ ತೋರಿಸಿದರು. ಸ್ಟೂಲಿನ ಮೇಲೆ ಕೂತು, ಮುಖ ಜೋಲು ಹಾಕಿ, ಕಣ್ಣೊರೆಸಿಕೊಳ್ಳುತ್ತಾ. ಕಣ್ಣೊರೆಸಿಕೊಂಡದ್ದನ್ನು ನೋಡಿದ್ದರು ಮಗಳೇ! ಇಷ್ಟು ವರ್ಷ ನೋಡಿಲ್ಲ ಅಂದುಕೊಂಡಿದ್ದೆ. ನೋಡಿಯೂ ಯಾಕೆ ಎಂದು ಕೇಳದೆ, ಅದನ್ನೂ ಕಥೆಗೆ ಒಗ್ಗರಣೆ ಮಾಡಿಕೊಂಡರು. ಸಾರಿನ ಪಾತ್ರೆಯನ್ನು ಬಡಿಸದೆ ಒಳಗೆ ಒಯ್ದುಬಿಟ್ಟೆ.

ಮುಂದಿನ ಸಲ ನಿಲ್ಲಿಸುತ್ತೇನೆ.

ಹತ್ತಿ ಮೂಟೆ


ಜೂನ್ 20

ಅಮ್ಮಾ,

ನಿಲ್ಲಿಸು.

ಅವರ ಫೋನು ಗಾಡಿಯ ಪಕ್ಕದ ಡಬ್ಬಿಯಲ್ಲಿರಲಿ. ಅವತ್ತು ನಿನ್ನ ಚೀಲ ಇದ್ದ ಹಾಗೆ. ಹೊರಡುವಾಗ ಕ್ಲಚ್ ಮೆಲ್ಲಗೆ ಬಿಡು, ಕೋಪದಲ್ಲಿ ಒಮ್ಮೆಲೇ ಬಿಟ್ಟರೆ ಗಾಡಿ ಆಫ್ ಆಗಿ ಮರ್ಯಾದೆ ಹೋಗುತ್ತದೆ. ಹಿಂದೆ ತೂಕ ಇಲ್ಲದಿದ್ದಾಗ ಗಾಡಿ ಮುಂದಕ್ಕೆ ಹಾರುತ್ತದೆ. ಅದು ನಿನಗೆ ಗೊತ್ತಾಗುತ್ತದೆ. ಯಾರಿಗಾದರೂ ಗೊತ್ತಾಗುತ್ತದೆ, ಅಮ್ಮಾ. ಗೊತ್ತೇ ಆಗಲಿಲ್ಲ ಎನ್ನುವುದು ಸುಳ್ಳು.

ನಿನ್ನ ಮಗಳು


ಜುಲೈ 8

ಮಗಳೇ,

ಆಯಿತು.

ಆಸ್ಪತ್ರೆ ಮುಗಿಸಿಕೊಂಡು ಬರುತ್ತಿದ್ದೆವು. ಬಂಕಿಗೆ ತಿರುಗಿಸಿದೆ. "ಟ್ಯಾಂಕ್ ಮುಚ್ಚಳ ತೆಗೀಬೇಕು, ಇಳೀರಿ" ಎಂದೆ. ಇಳಿದರು. ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಳ್ಳುತ್ತಾ ಗಾಳಿ ಯಂತ್ರದ ಕಡೆ ಹೋದರು, ಅದೇ ಜಾಗಕ್ಕೆ. ಪೆಟ್ರೋಲ್ ಹಾಕಿಸಿದೆ. ಮುಚ್ಚಳ ತಿರುಗಿಸಿದೆ. ನಿನ್ನ ಮಾತಿನಂತೆ ಕ್ಲಚ್ ಮೆಲ್ಲಗೆ ಬಿಟ್ಟೆ.

ಗಾಡಿ ಹಾರಿತು. ಗೊತ್ತಾಗುತ್ತದೆ, ಚೆನ್ನಾಗಿಯೇ ಗೊತ್ತಾಗುತ್ತದೆ.

ನಾನು ಕನ್ನಡಿ ನೋಡಿದೆ. ಅವರು ಮೊದಲು ನಕ್ಕರು. ಆಮೇಲೆ ಕೈ ಎತ್ತಿದರು. ಆಮೇಲೆ ಎರಡು ಹೆಜ್ಜೆ ಓಡಿ ನಿಂತರು. ಹೆಲ್ಮೆಟ್ ಕೈಯಲ್ಲೇ ಇತ್ತು. ತಿರುವಿನವರೆಗೂ ನೋಡುತ್ತಲೇ ಹೋದೆ. ಕಣ್ಣು ತಂಪಾಯಿತು ಎಂದರೆ ನಂಬುತ್ತೀಯಾ? ಆಯಿತು. ಪಾಪ ಅನಿಸಲಿಲ್ಲವೇ ಎಂದು ಕೇಳಬೇಡ. ಅನಿಸಿತು, ಆದರೂ ತಂಪಾಯಿತು.

ಸೇತುವೆಯವರೆಗೂ ಹೋದೆ. ಟೀ ಅಂಗಡಿಯಲ್ಲಿ ಕಾಲು ಚಾಚಿ ಕೂತು ಎರಡು ಲೋಟ ಕುಡಿದೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದು ಸಲ ಹಿಂದಿನ ಸೀಟಿಗೆ "ಹೂಂ" ಎಂದು ನೋಡಿದೆ. ಎಷ್ಟು ಸುಲಭ ಗೊತ್ತಾ? ಗಂಟಲಿಗೆ ಒಂದಿಷ್ಟೂ ಆಯಾಸವಿಲ್ಲ. ಹೀಗೆ ಹೂಂ ಅನ್ನುತ್ತಾ ಒಂದು ಸಂಸಾರ ಪೂರ್ತಿ ನಡೆಸಿಬಿಡಬಹುದು.

ಬಿಸಿಲು ಇಳಿಯುವಾಗ ವಾಪಸ್ ಬಂದೆ. ಸ್ಟೂಲಿನ ಮೇಲೆ ಕೂತಿದ್ದರು. ಬಂಕಿನ ಹೆಂಗಸಿನ ತಲೆ ಈಗ ನರೆತಿದೆ. ನನ್ನನ್ನು ನೋಡಿ ಗುರುತು ಹಿಡಿದು, ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಹೋದಳು. ಹಳೆಯ ಶಿಷ್ಯನೊಬ್ಬ ಕಾರಿನಲ್ಲಿ ಬಂದು, "ಮೇಷ್ಟ್ರೇ, ಬನ್ನಿ ಮನೆಗೆ ಬಿಡ್ತೀನಿ" ಎಂದನಂತೆ. ಹೋಗಲಿಲ್ಲವಂತೆ.

"ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು" ಅಂದರು.

"ಅವತ್ತು ನಂಗೆ ಗೊತ್ತಿರಲಿಲ್ಲ" ಎಂದೆ.

ನಗುತ್ತಾರೇನೋ ಎಂದು ಕಾದೆ. ನಕ್ಕಿದ್ದರೆ ಮತ್ತೆ ಬಿಟ್ಟುಹೋಗುತ್ತಿದ್ದೆ, ಆಣೆಗೂ. ನಗಲಿಲ್ಲ. ಹೆಲ್ಮೆಟ್ ತಿರುಗಿಸುತ್ತಾ, ನೆಲ ನೋಡುತ್ತಾ ಕೇಳಿದರು, "ಅವತ್ತು ಹಿಂದೆ ಕೂತ್ಕೊಂಡು ಏನೋ ಹೇಳ್ತಿದ್ದೆಯಲ್ಲ... ಅಳ್ತಾ ಇದ್ದೆ ಬೇರೆ. ಏನೇ ಅದು?"

ಹನ್ನೊಂದು ವರ್ಷ ಈ ಒಂದು ಪ್ರಶ್ನೆಗೆ ಕಾದಿದ್ದೆ ಮಗಳೇ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆ ಊರು, ಆ ಮೇಜು, ಆ ಕುರ್ಚಿ, ನಿನ್ನ ಶಾಲೆ, ಎಲ್ಲ ಒಟ್ಟಿಗೆ ಬಾಯಿಗೆ ಬಂತು. ಬಾಯಿ ತೆರೆದೆ.

"ಹೂಂ" ಎಂದೆ. ಗಾಡಿ ಸ್ಟಾರ್ಟ್ ಮಾಡಿದೆ.

ಅಮ್ಮ


ಜುಲೈ 19

ಮಗಳೇ,

ಒಂದು ಸಹಾಯ ಮಾಡು. ಹನ್ನೊಂದು ವರ್ಷದ ಕೆಳಗೆ, ಬಂಕಿನ ದಿನ, ನಿನ್ನಮ್ಮ ನನಗೆ ಏನು ಹೇಳುತ್ತಿದ್ದಳು? ನಿನಗೆ ಗೊತ್ತಿರಬೇಕು. ನೀವಿಬ್ಬರೂ ಇಷ್ಟೊಂದು ಬರೆದುಕೊಳ್ಳುತ್ತೀರಿ.

ನಾನು ಎಲ್ಲ ರೀತಿಯಲ್ಲೂ ಕೇಳಿ ನೋಡಿದೆ. ಹಿಂದೆ ಕೂತು ದಾರಿಯುದ್ದಕ್ಕೂ ಕೇಳುತ್ತೇನೆ. "ಯಾರಿಗಾದ್ರೂ ಹುಷಾರಿರಲಿಲ್ವಾ? ಕಾರ್ಖಾನೆ ವಿಷಯಾನಾ? ನಾನೇನಾದ್ರೂ ಅಂದಿದ್ನಾ?" ಎಲ್ಲಕ್ಕೂ ಹೂಂ ಅನ್ನುತ್ತಾಳೆ. ಕೇಳಿಸಿತೋ ಇಲ್ಲವೋ ಅದೂ ತಿಳಿಯುವುದಿಲ್ಲ. ನಿನ್ನೆ, "ನಾನು ಗಾಡಿಯಿಂದ ಬಿದ್ದೆ ಕಣೇ" ಎಂದೆ. ಹೂಂ ಅಂದಳು. ನಗಬೇಡ ಮಗಳೇ, ಹಿಡಿಕೆಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ.

ಮೊನ್ನೆ ಯಾರೋ ಬಂದವರು, "ಮೇಷ್ಟ್ರೇ, ಆ ಬಂಕಿನ ಕಥೆ ಹೇಳಿ" ಎಂದರು. ಶುರು ಮಾಡಿದೆ. "ಇವಳು ಹಿಂದೆ ಕೂತು ಏನೋ ಹೇಳ್ತಿದ್ಲು" ಎನ್ನುವವರೆಗೆ ಬಂದು ನಿಂತುಬಿಟ್ಟೆ. 'ಏನೋ' ಎಂದರೆ ಏನು? ಇಷ್ಟು ವರ್ಷ ಹೇಳಿದ ಕಥೆಯಲ್ಲಿ ಅದೊಂದು ನನಗೇ ಗೊತ್ತಿಲ್ಲ. ಎದ್ದುಹೋಗಿ ಕೈ ತೊಳೆದುಕೊಂಡು ಬಂದೆ.

ಗೊತ್ತಿದ್ದರೆ ಬರೆ. ಎರಡೇ ಸಾಲು ಸಾಕು.

ಅಪ್ಪ


ಆಗಸ್ಟ್ 16

ಮಗಳೇ,

'ನನಗೆ ಗೊತ್ತು, ನಾನು ಹೇಳುವುದಿಲ್ಲ, ಹಿಂದೆ ಕೂತು ಕೇಳುತ್ತಲೇ ಇರಿ' ಎಂದು ನಿನ್ನಪ್ಪನಿಗೆ ಬರೆದೆಯಂತೆ. ಆ ಕಾಗದವನ್ನು ನನ್ನ ಮುಂದೆಯೇ ಓದಿದರು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನೀನು, ಸಂದೇಹವಿಲ್ಲ.

ಈಗ ಆಸ್ಪತ್ರೆಯ ದಿನವಲ್ಲದಿದ್ದರೂ "ಒಂದು ಸುತ್ತು ಹೋಗಿಬರೋಣವಾ?" ಅನ್ನುತ್ತಾರೆ. ಹೋಗುತ್ತೇವೆ. ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗ ಇಳಿದರೂ ಹಿಂದಿನ ಹಿಡಿಕೆಯಿಂದ ಕೈ ತೆಗೆಯುವುದಿಲ್ಲ. ಗಾಡಿಯಲ್ಲಿ ಒಂದೇ ಸಮನೆ ಮಾತು. ಸಣ್ಣವರಿದ್ದಾಗಿನ ಮಾತು, ಸ್ಕೂಲ್ ನಡೆಸಲು ಪಟ್ಟ ಪಾಡು, ಯಾರಿಗೂ ಹೇಳದ ಭಯ. ಮಧ್ಯೆ ಮಧ್ಯೆ, "ಕೇಳಿಸ್ತಿದೆಯಾ?" ಎಂದು ಭುಜ ತಟ್ಟುತ್ತಾರೆ. ನನಗೆ ಒಂದಕ್ಷರ ಬಿಡದೆ ಕೇಳಿಸುತ್ತದೆ. ಎರಡೂ ಕನ್ನಡಿಗಳನ್ನು ಅವರ ಮುಖ ಕಾಣುವ ಹಾಗೆ ತಿರುಗಿಸಿಕೊಂಡಿದ್ದೇನೆ, ಬ್ರೇಕಮ್ಮ ನೋಡಿದರೆ ಬೈಯುತ್ತಾಳೆ. ಮುಖ ನೋಡುತ್ತೇನೆ, ಎಲ್ಲ ಕೇಳಿಸಿಕೊಳ್ಳುತ್ತೇನೆ. "ಹೂಂ" ಅನ್ನುತ್ತೇನೆ.

ಹೇಳುವುದೇ ಇಲ್ಲವೇ ಎಂದು ನೀನು ಕೇಳಿದ್ದೀಯ. ಹೇಳುತ್ತೇನಮ್ಮಾ. ನಾನೇನು ರಾಕ್ಷಸಿಯಲ್ಲ. ನಾನು ಕಾದಷ್ಟು ಅವರೂ ಕಾಯಲಿ, ಆಮೇಲೆ ಹೇಳುತ್ತೇನೆ.

ಅದಕ್ಕೇ ಒಂದು ವಿಷಯ ನಿನ್ನ ಅಂಗಡಿಯವರನ್ನು ಕೇಳಿ ಬರೆ. ಈ ಗಾಡಿ ಇನ್ನು ಹನ್ನೊಂದು ವರ್ಷ ಬಾಳಿಕೆ ಬರುತ್ತದೆಯೇ? ಸೀಟಿನ ಚಿಂತೆ ಬೇಡ, ಅದು ನಾನು ಹೊಲಿದದ್ದು. ಇಂಜಿನ್ನಿನದು ಹೇಳು.

ಅಮ್ಮ